ಹಿಂದಿನ ಸಂಜೆಯ ಪಾಠ

ಹೇನು ನೋಡುವಾಗಲೂ ನಮ್ಮ ವಾರ್ಡನ್ ನಮ್ಮ ತಲೆ ಮುಟ್ಟುತ್ತಿರಲಿಲ್ಲ. ಮೂಗಿಗೆ ಸೆರಗು ಹಿಡಿದು, ಪೆನ್ಸಿಲ್ ತುದಿಯಲ್ಲಿ ಕೂದಲು ಬಿಡಿಸಿ ನೋಡುತ್ತಿದ್ದಳು. ಸತ್ತವರಿಗೆ ಬಹುವಚನ ಕೊಡಬೇಕಂತೆ. ನನ್ನ ಕೈಲಾಗದು.

ಅವ್ವ ತೀರಿಕೊಂಡ ಮೇಲೆ ಚಿಕ್ಕಪ್ಪ ನನ್ನನ್ನೂ ತಂಗಿಯನ್ನೂ ಮಲ್ಲಿಪಟ್ಟಣದಲ್ಲಿ ಬಸ್ಸು ಹತ್ತಿಸಿಕೊಂಡು ಬಂದು ಅರಕಲಗೂಡಿನ ಕಡೆಯ ಆ ಬಾಲಕಿಯರ ನಿಲಯದಲ್ಲಿ ಬಿಟ್ಟ. ನನಗೆ ಹನ್ನೊಂದು, ಅವಳಿಗೆ ಆರು. ಮೊದಲ ದಿನವೇ ವಾರ್ಡನ್ ನಮ್ಮ ಬಟ್ಟೆಗಂಟು ಬಿಚ್ಚಿ ಎಲ್ಲರ ಬಟ್ಟೆಯ ರಾಶಿಗೆ ಸುರಿದಳು. ಸ್ನಾನವಾದ ಮೇಲೆ ಆ ರಾಶಿಯಲ್ಲಿ ಕೈಗೆ ಸಿಕ್ಕಿದ್ದು ತೊಡಬೇಕು, ಒಳಬಟ್ಟೆ ಕೂಡ. ಅವ್ವ ಹೊಲಿಸಿದ್ದ ಹಸಿರು ಲಂಗ ಯಾರ್ಯಾರದೋ ಮೈಮೇಲೆ ಓಡಾಡಿತು. ಕೇಳಿದರೆ, "ಉಂಡ ಮನೆ ಜಂತೆ ಎಣಿಸಬಾರ್ದು ಕಣೇ," ಅನ್ನುವಳು. ಉಣ್ಣುತ್ತಿದ್ದದ್ದು ಸರ್ಕಾರದ ಅಕ್ಕಿ, ಅವಳಪ್ಪನ ಮನೆಯದಲ್ಲ.

ಸರ್ಕಾರದ ಸಮಿತಿಯವರು ನಿಲಯದ ತಪಾಸಣೆಗೆ ಬರುವ ಹಿಂದಿನ ಸಂಜೆ ನಾವೆಲ್ಲ ಸಾಲಾಗಿ ನಿಂತು ಪಾಠ ಒಪ್ಪಿಸಬೇಕಿತ್ತು. ಅವಳೇ ಕುರ್ಚಿ ಹಾಕಿಕೊಂಡು ಸಾಹೇಬರ ಥರ ಕೂರುವಳು. "ಊಟ ಎಂಗದೆ?" "ಚೆನ್ನಾಗದೆ ಸಾ." "ಏನಾರ ತೊಂದ್ರೆ?" "ಏನೂ ತೊಂದ್ರೆ ಇಲ್ಲ ಸಾ." ದನಿ ಸಣ್ಣಗಾದರೆ ಇನ್ನೊಮ್ಮೆ.

ಆ ಸಲ ತಂಗಿಯ ಎಡಗಿವಿ ಸೋರುತ್ತಿತ್ತು. ಹದಿನೈದು ದಿನದಿಂದ ದಿಂಬೆಲ್ಲ ವಾಸನೆ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಕಾಲು ಹಿಡಿದಿದ್ದೆ. "ಸ್ಕೂಲ್ ತಪ್ಸೋಕೆ ನಾಟಕ ಆಡ್ತಾವೆ," ಎಂದು ಹತ್ತಿ ತುರುಕಿ ಕಳಿಸಿದಳು. ಅವತ್ತು ಪಾಠ ಮುಗಿದ ಮೇಲೆ ನನ್ನೊಬ್ಬಳನ್ನೇ ನಿಲ್ಲಿಸಿಕೊಂಡಳು.

"ನಾಳೆ ಬಾಯಿ ಬಿಟ್ಟೋ, ನಿನ್ನ ಹಾಸನಕ್ಕೆ ಹಾಕಿಸ್ತೀನಿ, ಅವಳ್ನ ಇನ್ನೆಲ್ಲಿಗೋ. ಆಮೇಲೆ ಉಡುಕ್ಕೊಂಡು ಸಾಯಿ."

ಮಾರನೆಯ ದಿನ ಬೀರುವಿನಲ್ಲಿದ್ದ ಹೊಸ ಹೊದಿಕೆಗಳು ಮಂಚದ ಮೇಲೆ ಬಂದವು. ಅಡುಗೆಮನೆಯಲ್ಲಿ ಕೇಸರಿಬಾತ್ ಘಮಘಮ. ಬಂದ ಸಾಹೇಬರು ಒಳ್ಳೆಯವರೇ. ತಂಗಿಯ ಕಿವಿಯ ಹತ್ತಿ ನೋಡಿ, "ಇದೇನಮ್ಮ?" ಎಂದು ನನ್ನನ್ನು ಕೇಳಿದರು. ವಾರ್ಡನ್ ಅವರ ಹಿಂದೆ ನಗುತ್ತ ನಿಂತಿದ್ದಳು.

"ಶೀತ ಸಾ. ಏನೂ ತೊಂದ್ರೆ ಇಲ್ಲ," ಅಂದೆ. ಅವರು ಹಾಗೇ ಬರೆದುಕೊಂಡು ಹೋದರು. ತಂಗಿಗೆ ಆ ಕಿವಿ ಇವತ್ತಿಗೂ ಕೇಳುವುದಿಲ್ಲ.

ಈಗ ನಾನೂ ಇಂಥದೇ ಒಂದು ನಿಲಯದಲ್ಲಿ ಗೃಹಮಾತೆ. ಪ್ರತಿ ಹುಡುಗಿಯ ಬಟ್ಟೆಗೂ ಅವಳ ಹೆಸರು ಹೊಲಿಸಿದ್ದೇನೆ. ಸಮಿತಿ ಬಂದರೆ ಮಕ್ಕಳನ್ನು ಅವರ ಜೊತೆ ಬಿಟ್ಟು, ಅಡುಗೆಯವಳನ್ನೂ ಎಳೆದುಕೊಂಡು ಹೋಗಿ ಗೇಟಿನಾಚೆ ನಿಲ್ಲುತ್ತೇನೆ. ಹೋದ ಸಲ ಒಬ್ಬಳು ನನ್ನ ಮೇಲೇ ದೂರು ಹೇಳಿದ್ದಳು, ತುಂಬಾ ಬಯ್ಯುತ್ತೇನಂತೆ. ಮೈಯೆಲ್ಲ ಉರಿಯಿತು. ಸುಳ್ಳಲ್ಲ, ಬಯ್ಯುತ್ತೇನೆ. ಗೇಟಿನಾಚೆ ನಿಲ್ಲುವ ಬುದ್ಧಿ ಕಲಿಸಿದವಳು ಆ ಪುಣ್ಯಾತ್ಗಿತ್ತಿಯೇ. ಋಣವೆನ್ನುವುದಾದರೆ ಅದೊಂದಿದೆ, ತೀರಿಸುವ ಮನಸ್ಸಿಲ್ಲ.

ಹೋದ ತಿಂಗಳು ಅವಳು ಸತ್ತ ಸುದ್ದಿ ಬಂತು. ಮಣ್ಣಿಗೆ ಹೋಗಲಿಲ್ಲ. ತಂಗಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಅವಳನ್ನು ಬೈದೆ.

"ಆವಮ್ಮುನ್ನ ಬಯ್ಯಿ, ಬ್ಯಾಡ ಅನ್ನಲ್ಲ ಕಣಕ್ಕ," ಅಂದಳು ತಂಗಿ ಕೊನೆಗೆ. "ಆದ್ರೆ ಸಾಹೇಬ್ರು ಕೇಳ್ದಾಗ ನಾನು ಆವಮ್ಮುನ್ನ ನೋಡ್ತಿರ್ಲಿಲ್ಲ. ನಿನ್ ಮಕ ನೋಡ್ತಿದ್ದೆ."