ಸ್ಪ್ರಿಂಗಿಗೂ ಕುಂಕುಮ

ಕಾರಿನ ಮೂತಿ ಮರದ ದಿಮ್ಮಿಗಳ ಮೇಲೆ, ಮುಂದಿನ ಎರಡು ಚಕ್ರ ಸೀಬೆ ಮರದ ಬುಡದಲ್ಲಿ, ನನ್ನ ಗಂಡ ಕಾರಿನ ಕೆಳಗೆ. ಅವರ ಎರಡು ಕಾಲು ಮಾತ್ರ ಕಾಣುತ್ತಿತ್ತು.

ಅರವತ್ತರ ದಶಕದ ಒಂದು ಭಾನುವಾರ. ಜಯನಗರದಲ್ಲಿ ನಮ್ಮ ಮನೆಯೆದುರು ಆಗಿನ್ನೂ ಬರೀ ಖಾಲಿ ಸೈಟು. ನಾನು ಹೊಸ ಸೊಸೆ.

ಕಾರು ನಮ್ಮ ಮಾವನವರದು. ರಿಟೈರ್ ಆದಾಗ ಆಸೆಪಟ್ಟು ಕೊಂಡ ಸೆಕೆಂಡ್ ಹ್ಯಾಂಡ್ ಫಾರಿನ್ ಗಾಡಿ. ಉತ್ತರಹಳ್ಳಿಯ ಗದ್ದೆ ನೋಡಲು ಹೋಗಿ ಬಂದು, ಹೋಗಿ ಬಂದು, ಅದರ ಮುಂದಿನ ಸ್ಪ್ರಿಂಗುಗಳು ಕುಸಿದಿದ್ದವು. ಸಣ್ಣ ಗುಂಡಿ ಸಿಕ್ಕರೂ ದಡ್ ಎನ್ನುತ್ತಿತ್ತು.

ಮಾವನವರ ಸೊಂಟ ಹಿಡಿದುಕೊಂಡಿತು. "ಭಾನುವಾರ ಸಾಯಂಕಾಲ ಬ್ರೋಕರ್ ಬರ್ತಾನೆ, ಕೊಟ್ಟು ಕೈ ತೊಳ್ಕೊಳ್ಳೋಣ" ಎಂದರು.

ಅವರಿಗೆ ಸೊಂಟದ ಚಿಂತೆ, ನನಗೆ ನನ್ನ ಚಿಂತೆ. ಆ ಖಾಲಿ ರಸ್ತೆಗಳಲ್ಲೇ ಗಂಡನಿಂದ ಡ್ರೈವಿಂಗ್ ಕಲಿತು ಲೈಸೆನ್ಸನ್ನೂ ತೆಗೆದುಕೊಂಡಿದ್ದೆ. ಆದರೆ ಮಾವ ಕೀಲಿ ಕೊಡುತ್ತಿರಲಿಲ್ಲ. ಈಗ ಕಾರೇ ಹೋದರೆ ಆ ಲೈಸೆನ್ಸನ್ನು ದೇವರ ಮನೆಯಲ್ಲಿಟ್ಟು ಪೂಜೆ ಮಾಡಬೇಕಿತ್ತು, ಅಷ್ಟೆ.

ನನ್ನ ಮುಖ ನೋಡಿ ಗಂಡನಿಗೆ ಉತ್ಸಾಹ ಬಂತು. "ಅಪ್ಪಾ, ಬ್ರೋಕರ್ ಬರೋದ್ರೊಳಗೆ ನಾನೇ ರೆಡಿ ಮಾಡ್ತೀನಿ. ಸರಿಹೋದ್ರೆ ಇಟ್ಕೊಳ್ಳೋಣ."

"ಸರಿಹೋದ್ರೆ" ಎಂದರು ಮಾವ, ಪೇಪರಿನಿಂದ ತಲೆ ಎತ್ತದೆ.

ಶನಿವಾರ ಜೆ.ಸಿ. ರಸ್ತೆಯಿಂದ ಹೊಸ ಸ್ಪ್ರಿಂಗು, ಅದರ ನಡುವೆ ನಿಂತು ಕುಲುಕಾಟ ನುಂಗುವ ಉದ್ದನೆಯ ಸ್ಟ್ರಟ್ಟು ಎಲ್ಲ ಬಂದವು. ಅಂಗಡಿಯವನು ಸ್ಪ್ರಿಂಗುಗಳ ಮೇಲೆ ಸೀಮೆಸುಣ್ಣದಲ್ಲಿ ಎಡ, ಬಲ ಎಂದು ಗುರುತು ಮಾಡಿದ್ದ.

ಭಾನುವಾರ ಬೆಳಿಗ್ಗೆ ನೋಡಿದರೆ ಅವೆರಡೂ ತುಳಸಿಕಟ್ಟೆಯ ಮುಂದೆ ಮಣೆಯ ಮೇಲೆ ಕೂತಿವೆ. ಅರಿಶಿನ, ಕುಂಕುಮ, ತಲೆಗೊಂದು ಸೇವಂತಿಗೆ. ನಮ್ಮ ಅತ್ತೆಯವರ ಕೈಯಲ್ಲಿ ಮನೆಗೆ ಬಂದ ಹೊಲಿಗೆ ಯಂತ್ರಕ್ಕೂ ಬಿಡುಗಡೆಯಿರಲಿಲ್ಲ, ಇನ್ನು ಇವಕ್ಕೆಲ್ಲಿ?

ಕೆಲಸ ಶುರುವಾಯಿತು. ಹಳೆಯದನ್ನು ಬಿಚ್ಚಿದ್ದು ಸುಲಭವೇ. ಹೊಸ ಸ್ಪ್ರಿಂಗನ್ನು ಅದುಮಿ ಸ್ಟ್ರಟ್ಟಿನ ಮೇಲೆ ಕೂರಿಸುವುದೇ ಪ್ರಾಣಸಂಕಟ. ಜಾರಿದರೆ ಮುಖಕ್ಕೇ ಹಾರುತ್ತದೆ.

ಸ್ಪ್ರಿಂಗನ್ನು ಕಚ್ಚಿ ಹಿಡಿದು ಅದುಮಲು ಗಂಡ ಫ್ಯಾಕ್ಟರಿಯ ಗೆಳೆಯನಿಂದ ಉದ್ದ ಬೋಲ್ಟಿನ ಎರಡು ಕೊಕ್ಕೆ ಮಾಡಿಸಿಕೊಂಡು ಬಂದಿದ್ದರು. ಅವರು ಆ ಕಡೆಯ ಬೋಲ್ಟು ಸ್ವಲ್ಪ ತಿರುಗಿಸಬೇಕು, ನಾನು ಈ ಕಡೆಯದು ಸ್ವಲ್ಪ. ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಪ್ಯಾನರ್ ಹಿಡಿದೆ. ಎಂಥ ಖುಷಿ...

ಊಟದ ಹೊತ್ತು ಮೀರಿ ಎರಡೂ ಕಡೆ ಮುಗಿಯಿತು. ಚಕ್ರ ಹಾಕಿ, ದಿಮ್ಮಿ ತೆಗೆದು ಕಾರನ್ನು ಇಳಿಸಿದೆವು.

ಬಲಕ್ಕೆ ವಾಲಿತ್ತು.

ಗಂಡ ಸ್ಟೀರಿಂಗಿನ ಮುಂದೆ ಕೂತರು. ಅವರ ಮೈಯೂ ಸ್ವಲ್ಪ ದಪ್ಪವೇ. ಇನ್ನೂ ವಾಲಿತು.

ಮಾವ ಗೇಟಿನ ಬಳಿ ನಿಂತು ಕತ್ತು ಓರೆ ಮಾಡಿ ನೋಡಿದರು. "ಬ್ರೋಕರ್ ಬರ್ಲಿ ಬಿಡು" ಎಂದರು. ನನಗೆ ಅಳುವೇ ಬಂದುಬಿಟ್ಟಿತು.

ಆಗ ಗಂಡನಿಗೆ ಸೀಮೆಸುಣ್ಣದ ಗುರುತು ನೆನಪಾಯಿತು. ಡ್ರೈವರ್ ಕೂರುವ ಬಲಗಡೆಯದು ಸ್ವಲ್ಪ ಗಟ್ಟಿ ಸ್ಪ್ರಿಂಗಂತೆ. "ಅಮ್ಮಾ, ಅದರ ಮೇಲೆ ಬರೆದಿತ್ತಲ್ಲ?"

"ತೊಳೀದೆ ಪೂಜೆಗಿಡಕ್ಕಾಗುತ್ತೇನೋ?" ಎಂದರು ಅತ್ತೆ. "ಹುಣಸೆಹಣ್ಣು ಹಾಕಿ ಉಜ್ಜಿದ್ದೀನಿ."

ಅಂದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಮತ್ತೆ ಬಿಚ್ಚಲು ಹೊತ್ತಿಲ್ಲ.

ನನಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. ಗಟ್ಟಿ ಸ್ಪ್ರಿಂಗು ಎಡಕ್ಕಿದ್ದರೆ ಭಾರವಾದವರು ಎಡಕ್ಕೆ ಕೂತರಾಯಿತಲ್ಲ? ಮಾವನವರದು ನಮ್ಮ ಮನೆಯಲ್ಲೇ ದೊಡ್ಡ ಮೈ. ನಾನಾಗ ಗಾಳಿ ಬೀಸಿದರೆ ಹಾರುವ ಹಾಗಿದ್ದೆ.

"ಮಾವಾ, ನೀವು ಎಡಗಡೆ ಕೂತ್ಕೊಳ್ಳಿ. ನಾನು ಸ್ಟೀರಿಂಗ್ ಮುಂದೆ ಕೂರ್ತೀನಿ. ಒಂದ್ಸಲ ನೋಡೋಣ."

ಗೊಣಗಿಕೊಂಡೇ ಕೂತರು. ಎದುರಿಗೆ ಆರತಿ ತಟ್ಟೆ ಹಿಡಿದು ನಿಂತಿದ್ದ ಅತ್ತೆ ಒಂದು ಕಣ್ಣು ಮುಚ್ಚಿ ಅಳೆದರು. "ಈಗ ಸಮ ಆಯ್ತು ನೋಡ್ರೀ."

ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಇಟ್ಟ ಮೇಲೆ ಗಾಡಿ ಹೊರಡಲೇಬೇಕು, ಅತ್ತೆಯವರ ಶಾಸ್ತ್ರ. ಮಾವ ಜೇಬಿನಿಂದ ಕೀಲಿ ತೆಗೆದು ನನ್ನ ಕೈಗಿಟ್ಟರು.

ಯಡಿಯೂರು ಕೆರೆಯ ಹತ್ತಿರ ಒಂದು ದೊಡ್ಡ ಗುಂಡಿಯಿತ್ತು. ತಪ್ಪಿಸಬಹುದಿತ್ತು. ನಾನು ಮೆಲ್ಲಗೆ ಅದರೊಳಗೇ ಇಳಿಸಿದೆ.

ದಡ್ ಅನ್ನಲಿಲ್ಲ. ಕಾರು ಒಮ್ಮೆ ತಗ್ಗಿ ಎದ್ದಿತು, ಅಷ್ಟೆ. ಬಾಗಿಲನ್ನು ಬಿಗಿಯಾಗಿ ಹಿಡಿದಿದ್ದ ಮಾವನವರ ಕೈ ನಿಧಾನವಾಗಿ ಮಡಿಲಿಗೆ ಬಂತು.

"ಚಿಕ್ಕಲಸಂದ್ರದವರೆಗೂ ಹೋಗೋಣ್ವೇನಮ್ಮ?" ಎಂದರು.

ವಾಪಸ್ಸು ಬರುವಾಗ ಬ್ರೋಕರ್ ಗೇಟಿನಲ್ಲಿ ಕಾಯುತ್ತಿದ್ದ. ಮಾವ ಇಳಿದು, ಅವನ ಹೆಗಲ ಮೇಲೆ ಕೈಹಾಕಿ, "ಬನ್ನಿ, ಕಾಫಿ ಕುಡಿದು ಹೋಗೋರಂತೆ" ಎಂದರು. ಅವನಿಗೆ ಅರ್ಥವಾಯಿತು. ನನಗೂ.

ಮುಂದಿನ ಭಾನುವಾರ ಗಂಡ ಸ್ಪ್ಯಾನರ್ ಹಿಡಿದು ಹೊರಟರು, ಸ್ಪ್ರಿಂಗುಗಳನ್ನು ಅದಲು ಬದಲು ಮಾಡಲು. ಮಾವ ಪೇಪರಿನಿಂದ ತಲೆ ಎತ್ತಿಯೇ ಹೇಳಿದರು, "ಬಿಚ್ಬೇಡ. ಅವಳು ಓಡಿಸ್ದಾಗ ಸರಿಯಾಗೇ ಇದೆ."

ಆ ಕಾರು ನಮ್ಮ ಮನೆಯಲ್ಲಿ ಇದ್ದಷ್ಟು ಕಾಲವೂ ಆ ಸ್ಪ್ರಿಂಗುಗಳು ಹಾಗೇ ಇದ್ದವು. ಮಾವ ಎಲ್ಲಿಗೆ ಹೊರಟರೂ ಕೀಲಿ ನನ್ನ ಕೈಗೇ ಬರುತ್ತಿತ್ತು.

ನಿಮ್ಮ ಮನೆಯಲ್ಲೂ ಹೀಗೆ, ಬೇಕಂತಲೇ ಸರಿಮಾಡದೆ ಬಿಟ್ಟ ರಿಪೇರಿ ಯಾವುದಾದರೂ ಇದೆಯೇ?