ಹತ್ತಿ ಹೋದರೆ ಗೋಡೆ

ರಾಯದುರ್ಗದಲ್ಲಿ ನನ್ನ ಮಗಳು ಓದುವ ಖಾಸಗಿ ಶಾಲೆಯ ಹೊರಗೋಡೆಗೆ ಕಬ್ಬಿಣದ ಮೆಟ್ಟಿಲುಗಳಿವೆ. ಮಹಡಿಯವರೆಗೆ ಹತ್ತಿ ಹೋಗಿ ನೋಡಿ. ಬಾಗಿಲು ಸಿಗುವುದಿಲ್ಲ. ಇಟ್ಟಿಗೆ ಗೋಡೆ ಸಿಗುತ್ತದೆ.

ಮೊದಲು ಅಲ್ಲಿ ಬಾಗಿಲಿತ್ತು. ಹತ್ತನೇ ತರಗತಿ ಕೋಣೆಯ ಎರಡನೇ ಬಾಗಿಲು. ಒಂದು ವರ್ಷ ರಿಸಲ್ಟ್ ಮಣ್ಣು ಮುಕ್ಕಿತು. ಕರೆಸ್ಪಾಂಡೆಂಟ್ (ಶಾಲೆಯ ಮಾಲೀಕರನ್ನು ನಮ್ಮ ಆಂಧ್ರದಲ್ಲಿ ಹಾಗೇ ಕರೆಯುವುದು) ವಾಸ್ತು ನೋಡುವವರನ್ನು ಕರೆಸಿದರು. ದಕ್ಷಿಣದ ಬಾಗಿಲು ಮಕ್ಕಳ ವಿದ್ಯೆಯನ್ನು ಹೊರಗೆ ಎಳೆಯುತ್ತಿದೆ ಅಂದರು ಆ ಮಹಾನುಭಾವರು. ಮುಚ್ಚಿಸಿದ್ದಾಯಿತು. ಮುಂದಿನ ವರ್ಷ ಎಲ್ಲರೂ ಪಾಸ್! (ಆ ವರ್ಷವೇ ಗಣಿತಕ್ಕೆ ಹೊಸ ಮೇಡಂ ಬಂದಿದ್ದರು. ಅವರ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ.)

ಮೊನ್ನೆ ಅಗ್ನಿಶಾಮಕ ದಳದವರು ಸರ್ವೆಗೆ ಬಂದರು. ಉಳಿದಿರುವುದು ಒಂದೇ ಬಾಗಿಲು. ಅದರ ಪಕ್ಕದಲ್ಲೇ ಕರೆಂಟಿನ ಮೇನ್ ಬೋರ್ಡ್. ಅಲ್ಲಿ ಕಿಡಿ ಹಾರಿದರೆ ಮಕ್ಕಳು ಎಲ್ಲಿಂದ ಇಳಿಯಬೇಕು? ಗೋಡೆ ಒಡೆದು ಬಾಗಿಲು ತೆರೆಯಿರಿ ಎಂದು ಬರೆದುಕೊಟ್ಟು ಹೋದರು. ನನ್ನ ಮಗಳು ಈ ವರ್ಷ ಅದೇ ಕೋಣೆಯಲ್ಲಿ, ಕೂರುವುದು ಕೊನೆಯ ಬೆಂಚಿನಲ್ಲಿ.

ಕರೆಸ್ಪಾಂಡೆಂಟ್ ಕ್ರಮ ಕೈಗೊಂಡರು, ಇಲ್ಲವೆನ್ನಲಾರೆ. ಮೆಟ್ಟಿಲಿಗೆ ಕೆಂಪು ಪೇಂಟ್ ಹೊಡೆಸಿದರು. ಬಾಣದ ಗುರುತು ಹಾಕಿಸಿ ‘ಎಮರ್ಜೆನ್ಸಿ ಎಕ್ಸಿಟ್’ ಎಂದು ಬರೆಸಿದರು. ಕೆಳಗೆ ನಿಂತು ಫೋಟೋ ತೆಗೆದು ಅಗ್ನಿಶಾಮಕ ದಳದ ವೆಬ್‌ಸೈಟಿಗೆ ಅಪ್‌ಲೋಡ್ ಮಾಡಿದರು. ಫೋಟೋದಲ್ಲಿ ಗೋಡೆ ಕಾಣುವುದಿಲ್ಲ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಅಂತ ಹಿಂದಿನವರನ್ನು ಆಡಿಕೊಳ್ಳುತ್ತೇವೆ. ನಾವೇನು ಕಮ್ಮಿ? ತೋಡಿದ ಬಾವಿಯನ್ನೇ ಮುಚ್ಚಿಕೊಂಡು ಕೂತಿದ್ದೇವೆ.

ಪೇರೆಂಟ್ಸ್ ಮೀಟಿಂಗಿನಲ್ಲಿ ಎದ್ದು ನಿಂತೆ. “ಆ ಗೋಡಿ ಯಾವಾಗ ಒಡಸ್ತೀರಿ?”

“ನಂದೇನೂ ಅಡ್ಡಿ ಇಲ್ರಿ ಸರ್. ಪೇರೆಂಟ್ಸ್ ಹೂಂ ಅಂದ್ರ ನಾಳೇನೇ ಒಡಸ್ತೀನಿ,” ಅಂದರು ಕರೆಸ್ಪಾಂಡೆಂಟ್, ನಗುನಗುತ್ತಾ. “ಯಾರಿಗೆ ಬೇಕ್ರಿ? ಕೈ ಎತ್ರಿ.”

ಎದ್ದಿದ್ದು ನನ್ನದೊಂದೇ ಕೈ.

ಹಿಂದಿನ ಸಾಲಿನ ತಾಯಿಯೊಬ್ಬರು ಸಿಡುಕಿದರು. “ಯಾಕ್ರಿ ಅಣ್ಣ, ಪರೀಕ್ಷಿ ಹತ್ರ ಬಂದಾಗ್ಲೇ ನಿಮಗಿದು ನೆನಪಾತಾ? ಇಷ್ಟ್ ವರ್ಷ ಏನರ ಆಗೈತೇನ್ರಿ?”

“ಆದಮ್ಯಾಲ ಕೈ ಎತ್ತಿ ಏನ್ ಮಾಡ್ತೀರವ್ವಾ?”

“ಬಿಡ್ತು ಅನ್ರಿ!” ಎಂದು ನಾಲ್ಕು ಕಡೆಯಿಂದ ಮೇಲೆ ಬಿದ್ದರು. ಬೆಂಕಿಯ ಮಾತೆತ್ತಿದ ನಾನೇ ಅಪಶಕುನದವನಾದೆ. ಮೀಟಿಂಗ್ ಮುಗಿಯಿತು.

ಮನೆಗೆ ಬಂದರೆ, ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಮಗಳು ತಟ್ಟೆ ಮುಂದಿಟ್ಟುಕೊಂಡು ಅಳುತ್ತಿದ್ದಳು. “ಅಪ್ಪಾ, ಗೋಡಿ ಒಡದು ಯಾರರ ಫೇಲಾದ್ರ ಎಲ್ಲಾರೂ ನನ್ನೇ ಬೈತಾರ. ನಮ್ ರಿಸಲ್ಟ್ ಬರೋತನಕ ಸುಮ್ನಿರ್ರಿ.”

ಆಯ್ತವ್ವಾ ಅಂದೆ. ಇನ್ನೇನು ಹೇಳಲಿ, ಕಂಕುಳಲ್ಲಿ ಎತ್ತಿ ಬೆಳೆಸಿದ ಮಗು.

ನಾನೇನೋ ಸುಮ್ಮನಿರುತ್ತೇನೆ. ರಿಸಲ್ಟ್ ಬರುವತನಕ ಸುಮ್ಮನಿರಪ್ಪಾ ಅಂತ ಬೆಂಕಿಗೆ ಹೇಳುವವರು ಯಾರು?