ಮುಚ್ಚಬೇಡಿ ಎಂದವನು ನಾನೇ

ಮಳೆ ಬರುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಅತ್ತಿಗೆಗೆ ಬರುವುದಿಲ್ಲ ಎಂದೆ. ಅವರ ಶೆಡ್ಡಿಗೆ ಬೀಗ ಬಿದ್ದದ್ದು ಮೋಡದಿಂದಲ್ಲ — ನನ್ನ ಆ ಮಾತಿನಿಂದ.

ಹೆಗ್ಗಡದೇವನಕೋಟೆ ಕಡೆ ನಾವು ರೈತರಿಂದ ಮಿಡಿಸೌತೆ ಕೊಂಡು, ಶೆಡ್ಡಿನಲ್ಲಿ ಡ್ರಮ್ಮುಗಳ ಉಪ್ಪುನೀರಿಗೆ ಹಾಕಿ ಉಪ್ಪಿನಕಾಯಿ ಕಂಪನಿಗೆ ಕೊಡುವವರು. ಉಳಿದ ಉಪ್ಪುನೀರನ್ನು ಮೊದಲೆಲ್ಲ ಹಳ್ಳಕ್ಕೆ ಬಿಡುತ್ತಿದ್ದೆವು. ಹಳ್ಳ ಅದನ್ನು ಕಬಿನಿಗೆ ಒಯ್ಯುತ್ತಿತ್ತು, ಕೆಳಗಿನ ಗದ್ದೆಗಳು ಸವಳಾಗುತ್ತಿದ್ದವು. ಆಮೇಲೆ ಸರ್ಕಾರದ ಪರ್ಮಿಟ್ಟು ಬಂತು. ಉಪ್ಪುನೀರನ್ನು ತೊಟ್ಟಿಯಲ್ಲಿ ಬಿಸಿಲಿಗೆ ಒಣಗಿಸಬೇಕು, ಮಳೆ ಬಂದರೆ ಟಾರ್ಪಾಲು ಮುಚ್ಚಬೇಕು. ಹಳ್ಳಕ್ಕೆ ಹರಿದರೆ ಪರ್ಮಿಟ್ಟು ರದ್ದು.

ನಾನು ಸಂತೆಯಲ್ಲಿ ಮೂಟೆ ಹೊತ್ತು ಮೇಲೆ ಬಂದವನು. ಯಾರಿಗೆ ಏನು ತೊಡಕಾದರೂ ನನ್ನ ಜಗುಲಿಗೇ ಬರುತ್ತಿದ್ದರು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಗೆ ಶೆಡ್ಡು ಹಾಕಿಸಿದ್ದೂ ನನ್ನ ಸಲಹೆಯಿಂದಲೇ. ಆದರೆ ತೊಟ್ಟಿಯನ್ನು ಅವರು ನನಗಿಂತ ಚೆನ್ನಾಗಿ ಕಟ್ಟಿಸಿದರು. ನೋಡಲು ಬಂದ ಆಫೀಸರು ರೈತರ ಎದುರೇ, "ಯಜಮಾನ್ರೇ, ನಿಮ್ ಅತ್ತಿಗೇರನ್ನ ನೋಡಿ ಕಲೀರಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಲ್ಲಿಂದ ಮುಂದೆ ಪರ್ಮಿಟ್ಟಿನ ವಿಚಾರಕ್ಕೆ ಜನ ನನ್ನ ಜಗುಲಿ ದಾಟಿ ಅವರಲ್ಲಿಗೆ ನಡೆದರು. "ಅಣ್ಣೋ, ಅಕ್ಕಾವ್ರು ಶೆಡ್ತಾವ್ ಅವ್ರಾ?" — ನನ್ನನ್ನೇ ಕೇಳುವರು! ವ್ಯಾಪಾರ ಹೋದರೆ ಇನ್ನೊಂದು ಹಿಡಿಯಬಹುದು. ಬುದ್ಧಿ ಹೇಳುವವನ ಈ ಹಿರಿತನ ಹೋದರೆ ಮಾತ್ರ...

ಆ ಮಧ್ಯಾಹ್ನ ಲಾರಿ ಡ್ರೈವರ್ ಫೋನು ಮಾಡಿದ್ದ, ವಯನಾಡಿನಲ್ಲಿ ಸುರಿಯುತ್ತಿದೆಯೆಂದು. ಅಲ್ಲಿ ಸುರಿದರೆ ಸಂಜೆಯೊಳಗೆ ನಮ್ಮಲ್ಲಿಗೂ ಬರುತ್ತದೆ. ಶೆಡ್ಡಿನ ಹಿಂದಿದ್ದ ನನ್ನ ತೊಟ್ಟಿಯನ್ನು ಮುಚ್ಚಿಸಿ ಈಚೆ ಬಂದೆ. ಶೆಡ್ಡಿನ ಮುಂದೆ ಅತ್ತಿಗೆ ಮೋಡ ನೋಡುತ್ತ ನಿಂತಿದ್ದರು; ನಾನು ಮುಚ್ಚಿಸಿದ್ದು ಅಲ್ಲಿಗೆ ಕಾಣುವಂತಿರಲಿಲ್ಲ.

"ಮಾದೇವ, ಇನ್ನೊಂದ್ ಬಿಸ್ಲು ಬಿದ್ರೆ ಉಪ್ಪು ಒಣಗೋಯ್ತದೆ. ಆಳುಗಳೆಲ್ಲ ಕಾಯಿ ಕೀಳಕ್ ಓಗವ್ರೆ. ಮುಚ್ಲೇಬೇಕೇನ್ಲಾ?"

"ಬುಡಿ ಅತ್ತಿಗೆ, ಇದು ಉಯ್ಯೋ ಮೋಡ ಅಲ್ಲ. ಮುಚ್ಬೇಡಿ."

ಅವರು ತೊಟ್ಟಿಯನ್ನು ತೆರೆದೇ ಬಿಟ್ಟು ಆಳುಗಳ ಕಡೆ ಹೋದರು. ನಾನು ಹೇಳಿದೆನೆಂದರೆ ಅವರಿಗೆ ಅಷ್ಟೇ ಸಾಕು — ಆ ನಂಬಿಕೆಯೇ ಈಗಲೂ ನನ್ನನ್ನು...

ಸಂಜೆ ಸುರಿದ ಮಳೆಗೆ ಅವರ ತೊಟ್ಟಿ ತುಂಬಿ ಹಳ್ಳಕ್ಕೆ ಹರಿಯಿತು. ಕೆಳಗದ್ದೆಯವರು ದೂರು ಕೊಟ್ಟರು, ನೀರಿನ ಪರೀಕ್ಷೆಯಾಯಿತು, ಪರ್ಮಿಟ್ಟು ಹೋಯಿತು. ಅವರ ರೈತರೆಲ್ಲ ನನ್ನ ಶೆಡ್ಡಿಗೆ ಬಂದರು. ಅತ್ತಿಗೆ ಇನ್ನೊಬ್ಬರ ಶೆಡ್ಡಿನಲ್ಲಿ ಕಾಯಿ ಆರಿಸುವ ಕೂಲಿಗೆ ಹೋದರು. ಒಮ್ಮೆಯೂ ನನ್ನನ್ನು ದೂರಲಿಲ್ಲ. "ಮೋಡ ಯಾರ್ ಮಾತು ಕೇಳ್ತದ್ಲಾ, ನೀನೇನ್ ಮಾಡೀಯೆ" ಎಂದು ನನಗೇ ಸಮಾಧಾನ ಹೇಳಿದರು. ನಾನು ಹೇಳಿಸಿಕೊಂಡೆ.

ವರ್ಷಗಳೇ ಆದವು. ಮೊನ್ನೆ ಅವರು ಮತ್ತೆ ನನ್ನ ಜಗುಲಿ ಹತ್ತಿದರು. ಪರ್ಮಿಟ್ಟಿಗೆ ಪುನಃ ಅರ್ಜಿ ಹಾಕಿದ್ದಾರೆ. ಮೋಡ ಕಂಡೂ ಅವತ್ತು ತೊಟ್ಟಿ ಯಾಕೆ ತೆರೆದಿಟ್ಟಿರಿ ಎಂದು ವಿಚಾರಣೆಯಲ್ಲಿ ಕೇಳುತ್ತಾರಂತೆ. "ಏನಂತ ಯೋಳ್ಲಿ? ನೀನೇ ಒಂದ್ ದಾರಿ ತೋರ್ಸು ಕಣಪ್ಪ."

ಹತ್ತು ಉಪಾಯ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡೆ. ಯೋಚಿಸಿ ಹೇಳುತ್ತೇನೆ ಎಂದು ಕಳಿಸಿದೆ.

ನಿಮ್ಮೂರಲ್ಲೂ ನನ್ನಂಥ ಬುದ್ಧಿ ಹೇಳುವವನು ಇದ್ದೇ ಇರುತ್ತಾನೆ. ಅವನ ಮಾತು ಕೇಳಿ, ಬೇಡವೆನ್ನುವುದಿಲ್ಲ. ಕೇಳುವ ಮೊದಲು ಅವನ ಶೆಡ್ಡಿನ ಹಿಂದಕ್ಕೊಮ್ಮೆ ಹೋಗಿ, ಅವನ ತೊಟ್ಟಿ ಮುಚ್ಚಿದೆಯೋ ತೆರೆದಿದೆಯೋ ನೋಡಿ ಬನ್ನಿ.

ವಿಚಾರಣೆಯಲ್ಲಿ ಉತ್ತರ ಹೇಳುವವನು ನಾನೇ. ಮುಚ್ಚಬೇಡಿ ಎಂದವನು ನಾನು, ಮಳೆ ಬರುವುದು ಗೊತ್ತಿದ್ದೇ ಹಾಗೆಂದೆ — ಇಷ್ಟನ್ನು ಆಫೀಸರ ಮುಂದೆ ಹೇಳಬಲ್ಲೆ. ಆದರೆ ಅದಕ್ಕೂ ಮೊದಲು ಇವತ್ತು ಅತ್ತಿಗೆಯ ಮನೆಗೆ ಹೋಗಿ, ಅವರ ಮುಖ ನೋಡಿ ಹೇಳಬೇಕು.

ಅದಕ್ಕೊಂದಕ್ಕೆ ನನಗೆ ಯಾವ ಉಪಾಯವೂ ತೋಚುತ್ತಿಲ್ಲ. ಹೊರಟಿದ್ದೇನೆ.